ಹಲ್ಲಿಗೆ ವಯಸ್ಸಿಲ್ಲ, ದವಡೆಗೆ ಇದೆ

ಮಗುವಿನ ಮುಂದಿನ ಹಲ್ಲು ಉಬ್ಬಿದೆ ಎಂದು ಮನೆಯಲ್ಲಿ ಯಾರಾದರೂ ಮಾತೆತ್ತಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಒಂದು, "ಹಾಲುಹಲ್ಲೆಲ್ಲ ಬಿದ್ದು ಮುಗೀಲಿ, ಆಮೇಲೆ ನೋಡೋಣ." ಇನ್ನೊಂದು, ಹೆಣ್ಣುಮಗುವಾದರೆ, "ಪಿಯುಸಿ ಮುಗಿದ ಮೇಲೆ ಕ್ಲಿಪ್ ಹಾಕಿಸಿದರಾಯ್ತು, ಮದುವೆ ಹೊತ್ತಿಗೆ ಸರಿಹೋಗುತ್ತೆ." ತೊಂದರೆ ಬರೀ ಹಲ್ಲಿನದಾಗಿದ್ದರೆ ಇವೆರಡೂ ದೊಡ್ಡ ತಪ್ಪೇನಲ್ಲ. ಒಂದರ ಮೇಲೊಂದು ಏರಿದ ಹಲ್ಲುಗಳನ್ನು ಹದಿನಾಲ್ಕರಲ್ಲಿ ಸಾಲಿಗೆ ತರಬಹುದು, ನಲವತ್ತರಲ್ಲೂ ತರಬಹುದು. ಆದರೆ ಹಲ್ಲು ನಿಂತಿರುವ ಮೂಳೆಯೇ ಹಿಂದೆ ಉಳಿದಿದ್ದರೆ, ಮುಂದೆ ಚಾಚಿದ್ದರೆ ಅಥವಾ ಕಿರಿದಾಗಿದ್ದರೆ ಲೆಕ್ಕವೇ ಬೇರೆ. ಆ ಮೂಳೆಯನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಸ್ವಲ್ಪವಾದರೂ ದಾರಿಗೆ ತರಲು ಸಿಗುವ ಕಾಲ ಬಾಲ್ಯದ ಕೆಲವೇ ವರ್ಷಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಹಲ್ಲಿನ ವಿಷಯದಲ್ಲಿ ಸುಳ್ಳು, ದವಡೆಯ ವಿಷಯದಲ್ಲಿ ನಿಜ.

ಹಲ್ಲು ಯಾವ ವಯಸ್ಸಿನಲ್ಲೂ ಜರುಗುವುದಕ್ಕೆ ಕಾರಣ ಸರಳ. ಹಲ್ಲಿನ ಮೇಲೆ ಹಗುರವಾದ ಒತ್ತಡವನ್ನು ಬಹಳ ದಿನ ಇಟ್ಟರೆ ಬೇರಿನ ಒಂದು ಪಕ್ಕದ ಮೂಳೆ ಕರಗುತ್ತದೆ, ಇನ್ನೊಂದು ಪಕ್ಕದಲ್ಲಿ ಹೊಸ ಮೂಳೆ ಕಟ್ಟುತ್ತದೆ. ವಸಡು ಆರೋಗ್ಯವಾಗಿರುವ ತನಕ ಈ ಕೆಲಸ ನಿಲ್ಲುವುದಿಲ್ಲ. ದವಡೆ ಬೆಳೆಯುವ ರೀತಿ ಹಾಗಲ್ಲ. ಮೇಲ್ದವಡೆ ಬೆಳೆಯುವುದು ಬಹುಮಟ್ಟಿಗೆ ಮೂಳೆಗಳು ಒಂದಕ್ಕೊಂದು ಕೂಡುವ ಗೆರೆಗಳಲ್ಲಿ. ಕೆಳದವಡೆ ಬೆಳೆಯುವುದು ಮುಖ್ಯವಾಗಿ ಕಿವಿಯ ಮುಂದಿರುವ ಕೀಲಿನ ಮೃದ್ವಸ್ಥಿಯಲ್ಲಿ. ಈ ಜಾಗಗಳು ಕೆಲಸ ಮುಗಿಸಿದ ಮೇಲೆ ಬಾಯಿಗೆ ಏನು ಹಾಕಿದರೂ ಜರುಗುವುದು ಹಲ್ಲು ಮಾತ್ರ.

ಬೆಳವಣಿಗೆಗೂ ಒಂದು ಸರದಿ ಇದೆ. ಮೊದಲು ಅಗಲ ಮುಗಿಯುತ್ತದೆ, ನಂತರ ಮುಂದಕ್ಕೆ ಚಾಚುವ ಉದ್ದ, ಕೊನೆಗೆ ಮುಖದ ಎತ್ತರ. ಮೇಲ್ದವಡೆ ಬೇಗ ಮುಗಿಸುತ್ತದೆ. ಕೆಳದವಡೆ ಮೈಯ ಎತ್ತರದ ಜೊತೆಗೇ ಸಾಗಿ, ಹರೆಯದಲ್ಲಿ ಒಮ್ಮೆ ಜಿಗಿದು, ಎಲ್ಲಕ್ಕಿಂತ ತಡವಾಗಿ ನಿಲ್ಲುತ್ತದೆ. ಅದರಿಂದಾಗಿ ಯಾವ ದೋಷಕ್ಕೆ ಯಾವ ವಯಸ್ಸು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಕಿರಿದಾದ ಅಂಗುಳಕ್ಕೂ ಹಿಂದುಳಿದ ಮೇಲ್ದವಡೆಗೂ ಏಳರಿಂದ ಹತ್ತು ವರ್ಷ ಒಳ್ಳೆಯ ಕಾಲ. ಹಿಂದುಳಿದ ಕೆಳದವಡೆಗೆ ಹರೆಯದ ಜಿಗಿತದ ಕಾಲ. ಒಂದನ್ನು ತಡ ಮಾಡಬಾರದು, ಇನ್ನೊಂದನ್ನು ಅವಸರ ಮಾಡಬೇಕಿಲ್ಲ.

ಮನೆಯಲ್ಲೇ ಏನು ನೋಡಬಹುದು?

ಅಮೆರಿಕದ ಆರ್ಥೊಡಾಂಟಿಸ್ಟರ, ಅಂದರೆ ಹಲ್ಲು ದವಡೆ ಸರಿಪಡಿಸುವ ತಜ್ಞರ, ಸಂಘ ಮೊದಲ ತಪಾಸಣೆ ಏಳನೆಯ ವಯಸ್ಸಿನೊಳಗೆ ಆಗಲಿ ಎನ್ನುತ್ತದೆ. ಅಷ್ಟರಲ್ಲಿ ಮೊದಲ ಶಾಶ್ವತ ದವಡೆಹಲ್ಲುಗಳು ಬಂದಿರುತ್ತವೆ, ಬಾಚಿಹಲ್ಲುಗಳು ಬರುತ್ತಿರುತ್ತವೆ, ಮೇಲೂ ಕೆಳಗೂ ಹೇಗೆ ಕೂಡುತ್ತಿವೆ ಎಂಬುದು ಕಾಣುತ್ತದೆ. ಏಳಕ್ಕೆ ತೋರಿಸಿ ಎಂದರೆ ಏಳಕ್ಕೇ ಚಿಕಿತ್ಸೆ ಶುರುಮಾಡಿ ಎಂದಲ್ಲ. ನೋಡಿಸಿಕೊಂಡ ಹೆಚ್ಚಿನ ಮಕ್ಕಳಿಗೆ ಸಿಗಬೇಕಾದ ಉತ್ತರ "ಈಗ ಏನೂ ಬೇಡ, ಮುಂದಿನ ವರ್ಷ ಬನ್ನಿ" ಎಂಬುದೇ. ಹಾಗೆ ಹೇಳಿ ಕಳಿಸುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ.

ಅದಕ್ಕೂ ಮುಂಚೆ ಮನೆಯಲ್ಲೇ ಒಂದಿಷ್ಟು ಗಮನಿಸಬಹುದು. ಮಗುವನ್ನು ಬೆಳಕಿಗೆ ಕೂರಿಸಿ, ಹಿಂದಿನ ದವಡೆಹಲ್ಲುಗಳನ್ನು ಕಚ್ಚಿಹಿಡಿಯಲು ಹೇಳಿ. ಮುಂಬಲ್ಲುಗಳನ್ನಲ್ಲ, ಮಕ್ಕಳು ತೋರಿಸುವ ಉತ್ಸಾಹದಲ್ಲಿ ಮುಂಬಲ್ಲನ್ನು ಜೋಡಿಸಿ ಬಿಡುತ್ತಾರೆ, ಆಗ ಏನೂ ತಿಳಿಯುವುದಿಲ್ಲ. ಮೇಲಿನ ಬಾಚಿಹಲ್ಲು ಕೆಳಗಿನದ್ದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದಿರುವುದು ಸಹಜ. ನಡುವೆ ನಿಮ್ಮ ಕಿರುಬೆರಳ ತುದಿ ನುಸುಳುವಷ್ಟು ಅಂತರವಿದ್ದರೆ ತೋರಿಸಬೇಕು. ಕೆಳಗಿನ ಹಲ್ಲು ಮೇಲಿನದ್ದಕ್ಕಿಂತ ಮುಂದಿದ್ದರೆ, ಅದು ಒಂದೇ ಹಲ್ಲಾದರೂ, ತಡಮಾಡದೆ ತೋರಿಸಬೇಕು. ಕೆನ್ನೆಯನ್ನು ಬೆರಳಿನಿಂದ ಸರಿಸಿ ಪಕ್ಕದ ಹಲ್ಲುಗಳನ್ನೂ ನೋಡಿ: ಮೇಲಿನವು ಕೆಳಗಿನವುಗಳ ಹೊರಗೆ ಕೂರಬೇಕು. ಒಂದು ಪಕ್ಕದಲ್ಲಿ ಒಳಗೆ ಕೂತಿದ್ದರೆ ಮಗು ಕಚ್ಚುವಾಗ ಗದ್ದವನ್ನು ಆ ಪಕ್ಕಕ್ಕೆ ಜಾರಿಸುತ್ತಿರಬಹುದು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮುಖ ಒಂದು ಕಡೆಗೆ ವಾಲಿಕೊಂಡೇ ಬೆಳೆಯುವ ಅಪಾಯವಿದೆ.

ನಿದ್ದೆಯಲ್ಲಿ ಬಾಯಿ ತೆರೆದೇ ಇರುತ್ತದೆಯೇ, ಗೊರಕೆ ಬರುತ್ತದೆಯೇ ಎಂಬುದನ್ನೂ ಗಮನಿಸಿ. ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡ ಮಕ್ಕಳು ಬಾಯಲ್ಲಿ ಉಸಿರಾಡುತ್ತಾರೆ; ಅವರನ್ನು ಮೊದಲು ನೋಡಬೇಕಾದವರು ಕಿವಿ ಮೂಗು ಗಂಟಲು ತಜ್ಞರು. ಬೆರಳು ಚೀಪುವ ಅಭ್ಯಾಸ ಮೂರು ನಾಲ್ಕು ವರ್ಷದೊಳಗೆ ತಾನಾಗಿ ಬಿಟ್ಟುಹೋದರೆ ಚಿಂತೆಯಿಲ್ಲ. ಶಾಶ್ವತ ಬಾಚಿಹಲ್ಲು ಬರುವ ತನಕ ಉಳಿದರೆ ಮೇಲಿನ ಹಲ್ಲು ಮುಂದಕ್ಕೆ ಬರುತ್ತದೆ, ಅಂಗುಳ ಕಿರಿದಾಗುತ್ತದೆ. ಬೇವಿನೆಣ್ಣೆ ಹಚ್ಚುವುದು, ಗದರುವುದು, ನೆಂಟರ ಮುಂದೆ ನಗೆಪಾಟಲು ಮಾಡುವುದು ನಮ್ಮಲ್ಲಿ ರೂಢಿ. ಬಿಡುವ ಮನಸ್ಸು ಮಗುವಿಗೇ ಬಾರದೆ ಇವುಗಳಿಂದ ಪ್ರಯೋಜನ ಕಡಿಮೆ.

ವಯಸ್ಸಲ್ಲ, ಬೆಳವಣಿಗೆ

ಇಬ್ಬರು ಹನ್ನೆರಡು ವರ್ಷದ ಮಕ್ಕಳಲ್ಲಿ ಒಬ್ಬಳು ಬೆಳವಣಿಗೆಯ ಜಿಗಿತವನ್ನು ಮುಗಿಸಿರಬಹುದು, ಇನ್ನೊಬ್ಬ ಅದನ್ನು ಶುರುವೇ ಮಾಡಿರಲಿಕ್ಕಿಲ್ಲ. ಹುಡುಗಿಯರಲ್ಲಿ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮುಂಚೆ ಬರುತ್ತದೆ. ಆದ್ದರಿಂದ ತಜ್ಞರು ಹುಟ್ಟಿದ ದಿನಾಂಕಕ್ಕಿಂತ ಮೂಳೆಯ ಪಕ್ವತೆಯನ್ನು ನಂಬುತ್ತಾರೆ. ಮುಖವನ್ನು ಪಕ್ಕದಿಂದ ಚಿತ್ರಿಸುವ ಎಕ್ಸರೇ, ಸೆಫಲೋಗ್ರಾಮ್, ಇದಕ್ಕೆ ನೆರವಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡಿನ ಹಾಲಿ ಬ್ರಾಡ್‌ಬೆಂಟ್ 1931ರಲ್ಲಿ ತಲೆಯನ್ನು ಅಲುಗದಂತೆ ಹಿಡಿದು ಒಂದೇ ಅಳತೆಯಲ್ಲಿ ಈ ಚಿತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದ ಮೇಲೆಯೇ ದವಡೆಯ ಬೆಳವಣಿಗೆಯನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಲು ಸಾಧ್ಯವಾದದ್ದು. ಅದೇ ಚಿತ್ರದಲ್ಲಿ ಕತ್ತಿನ ಮೂಳೆಗಳೂ ಕಾಣುತ್ತವೆ. ಅವುಗಳ ಆಕಾರ ಬೆಳವಣಿಗೆಯ ಜೊತೆ ಬದಲಾಗುವುದರಿಂದ ಜಿಗಿತ ಮುಂದಿದೆಯೋ ದಾಟಿಹೋಗಿದೆಯೋ ಎಂದು ಅಂದಾಜಿಸಬಹುದು. ಕೆಲವರು ಕೈ ಮಣಿಕಟ್ಟಿನ ಎಕ್ಸರೇ ತೆಗೆಸುತ್ತಾರೆ.

ಎಕ್ಸರೇಗೆ ಮುಂಚೆಯೇ ವೈದ್ಯರಿಗೆ ನೀವು ಕೊಡಬಹುದಾದ ಮಾಹಿತಿ ಇದೆ. ಮಗುವಿನ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೋ ಶಾಲೆಯ ಆರೋಗ್ಯ ಕಾರ್ಡಿನಲ್ಲೋ ಗುರುತಿಸಿಟ್ಟಿದ್ದರೆ ಕಳೆದ ಒಂದೆರಡು ವರ್ಷದ ಲೆಕ್ಕವನ್ನು ಬರೆದುಕೊಂಡು ಹೋಗಿ. ಆರು ತಿಂಗಳಲ್ಲಿ ಶೂ ಸಣ್ಣದಾಯಿತು, ಯೂನಿಫಾರ್ಮಿನ ಪ್ಯಾಂಟು ಮೇಲೇರಿತು ಎಂಬುದೂ ಸುದ್ದಿಯೇ. ಹೆಣ್ಣುಮಗುವಾದರೆ ದೊಡ್ಡವಳಾದಳೇ, ಯಾವಾಗ ಎಂದು ವೈದ್ಯರು ಕೇಳುತ್ತಾರೆ. ಕೇಳದಿದ್ದರೂ ಸಂಕೋಚವಿಲ್ಲದೆ ಹೇಳಿ. ಮೊದಲ ಮುಟ್ಟು ಬರುವುದು ಎತ್ತರದ ಜಿಗಿತ ತನ್ನ ತುದಿ ಮುಟ್ಟಿ ಇಳಿಯತೊಡಗಿದ ಮೇಲೆ. ಅಂದರೆ ಆಗಲೇ ಒಳ್ಳೆಯ ಕಾಲದ ದೊಡ್ಡ ಪಾಲು ಕಳೆದಿರುತ್ತದೆ. ಕೆಳದವಡೆ ಹಿಂದುಳಿದ ಹುಡುಗಿಯನ್ನು ಎಂಟನೇ ಕ್ಲಾಸಿನ ಪರೀಕ್ಷೆ ಮುಗಿಯಲಿ, ಒಂಬತ್ತು ಮುಗಿಯಲಿ ಎಂದು ಕಾಯಿಸುವುದರಲ್ಲಿ ನಷ್ಟವಾಗುವುದು ಇಲ್ಲಿಯೇ.

ಅಂಗುಳ ಅಗಲಿಸುವ ಕೀಲಿ

ಮೇಲ್ದವಡೆ ಎಡ ಬಲ ಎರಡು ಭಾಗಗಳಾಗಿದ್ದು ಅಂಗುಳದ ನಡುಗೆರೆಯಲ್ಲಿ ಕೂಡುತ್ತದೆ. ಮಕ್ಕಳಲ್ಲಿ ಆ ಗೆರೆ ಸಡಿಲ. ಹರೆಯ ದಾಟುತ್ತಿದ್ದಂತೆ ಎರಡು ಅಂಚುಗಳೂ ಹಲ್ಲುಹಲ್ಲಾಗಿ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಸಡಿಲವಿರುವಾಗ ದವಡೆಹಲ್ಲುಗಳಿಗೆ ಲೋಹದ ಬಳೆ ಕೂರಿಸಿ ನಡುವೆ ಒಂದು ತಿರುಪಿಟ್ಟು, ದಿನಕ್ಕೆ ಒಂದೋ ಎರಡೋ ಸಲ ಸಣ್ಣ ಕೀಲಿಯಿಂದ ತಿರುಗಿಸಿದರೆ ಗೆರೆ ತೆರೆದುಕೊಳ್ಳುತ್ತದೆ. ಒಂದು ಸಲದ ತಿರುವು ಸುಮಾರು ಕಾಲು ಮಿಲಿಮೀಟರ್. ಎರಡು ಮೂರು ವಾರದಲ್ಲಿ ಅಗಲಿಸುವ ಕೆಲಸ ಮುಗಿಯುತ್ತದೆ. ಆದರೆ ಸಾಧನವನ್ನು ತೆಗೆಯುವಂತಿಲ್ಲ. ತೆರೆದ ಜಾಗದಲ್ಲಿ ಮೂಳೆ ತುಂಬಿಕೊಳ್ಳಲು ಇನ್ನೂ ಮೂರರಿಂದ ಆರು ತಿಂಗಳು ಅದು ಅಲ್ಲೇ ಇರಬೇಕು.

ಈ ಚಿಕಿತ್ಸೆಗೆ ವಿಚಿತ್ರ ಇತಿಹಾಸವಿದೆ. ಎಮರ್ಸನ್ ಏಂಜೆಲ್ ಎಂಬ ವೈದ್ಯ 1860ರಲ್ಲೇ, ಎಕ್ಸರೇ ಇನ್ನೂ ಹುಟ್ಟದ ಕಾಲದಲ್ಲಿ, ಹದಿನಾಲ್ಕು ದಾಟಿದ ಹುಡುಗಿಯೊಬ್ಬಳ ಅಂಗುಳವನ್ನು ತಿರುಪಿನಿಂದ ಅಗಲಿಸಿ ವರದಿ ಬರೆದ. ಮೂಳೆ ಹಾಗೆ ಬೇರ್ಪಡುವುದು ಸಾಧ್ಯವೇ ಇಲ್ಲ ಎಂದು ಸಹೋದ್ಯೋಗಿಗಳು ತಳ್ಳಿಹಾಕಿದರು. ನೂರು ವರ್ಷ ಕಳೆದು 1961ರಲ್ಲಿ ಆಂಡ್ರ್ಯೂ ಹಾಸ್ ಹಂದಿಗಳ ಮೇಲೂ ಮಕ್ಕಳ ಮೇಲೂ ನಡೆಸಿದ ಕೆಲಸವನ್ನು ಪ್ರಕಟಿಸಿದ ಮೇಲೆ ಇದು ಮತ್ತೆ ಬಳಕೆಗೆ ಬಂತು.

ಮನೆಯವರು ಒಂದು ವಿಷಯಕ್ಕೆ ಮಾನಸಿಕವಾಗಿ ಸಿದ್ಧರಿರಬೇಕು. ಕೀಲಿ ತಿರುಗಿಸಲು ಶುರುಮಾಡಿದ ಮೇಲೆ ಮೇಲಿನ ಎರಡು ಮುಂಬಲ್ಲುಗಳ ನಡುವೆ ದೊಡ್ಡ ಸಂದು ಬೀಳುತ್ತದೆ. ಅದನ್ನು ಕಂಡು ಗಾಬರಿಯಾಗಿ ತಿರುಗಿಸುವುದನ್ನು ನಿಲ್ಲಿಸುವವರಿದ್ದಾರೆ. ಅದು ಗೆರೆ ತೆರೆದಿದೆ ಎಂಬುದರ ಗುರುತು. ಸಂದು ಕೆಲವು ವಾರಗಳಲ್ಲಿ ತಾನಾಗಿ ಕಿರಿದಾಗುತ್ತದೆ. ತಿರುಗಿಸಿದ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಅಪ್ಪ ತಿರುಗಿಸಿ, ಅದು ತಿಳಿಯದೆ ಅಮ್ಮನೂ ತಿರುಗಿಸುವುದು ಬಹಳ ಸುಲಭ. ಕೀಲಿಗೆ ದಾರ ಕಟ್ಟಿ ಬೆರಳಿಗೆ ಸುತ್ತಿಕೊಂಡರೆ ಅದು ಗಂಟಲಿಗೆ ಜಾರುವ ಭಯವಿಲ್ಲ. ಸಾಧನಕ್ಕೂ ಅಂಗುಳಕ್ಕೂ ನಡುವೆ ಅನ್ನದ ಅಗುಳು, ಕಾಳಿನ ಸಿಪ್ಪೆ ಸೇರಿಕೊಳ್ಳುತ್ತವೆ. ಪ್ರತಿ ಊಟದ ನಂತರ ಜೋರಾಗಿ ಬಾಯಿ ಮುಕ್ಕಳಿಸಲೇಬೇಕು.

ಕೆಳದವಡೆ ಮುಂದಿದ್ದರೆ

ಕೆಳಗದ್ದ ಮುಂದೆ ಚಾಚಿದ ಮುಖ ವಂಶದಲ್ಲಿ ಇಳಿದುಬರುವುದು ಹೆಚ್ಚು. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಭಾವಚಿತ್ರಗಳನ್ನು ಸಾಲಾಗಿಟ್ಟರೆ ತಲೆಮಾರುಗಳುದ್ದಕ್ಕೂ ಅದೇ ಗದ್ದ ಕಾಣುತ್ತದೆ. ನಿಮ್ಮ ಮನೆಯಲ್ಲೂ ಅಜ್ಜನಿಗೋ ಸೋದರತ್ತೆಗೋ ಹಾಗಿದ್ದರೆ ಅವರ ಪಕ್ಕನೋಟದ ಫೋಟೊ ಇದ್ದರೆ ವೈದ್ಯರಿಗೆ ತೋರಿಸಿ. ಮಗುವಿನ ಮುಖ ಮುಂದೆ ಎತ್ತ ಸಾಗಬಹುದು ಎಂಬುದಕ್ಕೆ ಅದೂ ಒಂದು ಸುಳಿವು.

ಇಂಥ ಮಕ್ಕಳಲ್ಲಿ ಬಹಳಷ್ಟು ಸಲ ಕೆಳದವಡೆ ದೊಡ್ಡದಿರುವುದಕ್ಕಿಂತ ಮೇಲ್ದವಡೆ ಹಿಂದುಳಿದಿರುತ್ತದೆ. ಮೇಲ್ದವಡೆಯನ್ನು ಮುಂದಕ್ಕೆ ಎಳೆಯಲು ಫೇಸ್‌ಮಾಸ್ಕ್ ಬಳಸುತ್ತಾರೆ. ಹಣೆಗೂ ಗದ್ದಕ್ಕೂ ಆತುಕೊಂಡ ಚೌಕಟ್ಟಿನಿಂದ ಬಾಯೊಳಗಿನ ಕೊಕ್ಕೆಗಳಿಗೆ ರಬ್ಬರ್ ಬ್ಯಾಂಡ್ ಎಳೆದು ಕಟ್ಟುವುದು. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ, ಆರು ತಿಂಗಳಿಂದ ಒಂದು ವರ್ಷ. ಶಾಲೆಗೆ ಹಾಕಿಕೊಂಡು ಹೋಗಬೇಕಿಲ್ಲ. ಸಂಜೆ ಹೋಂವರ್ಕಿಗೆ ಕೂತಾಗ ಹಾಕಿ ಬೆಳಿಗ್ಗೆ ಎದ್ದಾಗ ತೆಗೆದರೆ ಲೆಕ್ಕ ಸರಿಹೋಗುತ್ತದೆ.

ದವಡೆ ಚಿಕಿತ್ಸೆಗಳಲ್ಲಿ ಬೇಗ ಶುರುಮಾಡಿ ಎಂದು ಧೈರ್ಯವಾಗಿ ಹೇಳಲು ಆಧಾರವಿರುವುದು ಇದಕ್ಕೇ. ಬ್ರಿಟನ್ನಿನ ಹಲವು ಆಸ್ಪತ್ರೆಗಳು ಸೇರಿ ಏಳರಿಂದ ಒಂಬತ್ತು ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಫೇಸ್‌ಮಾಸ್ಕ್ ಕೊಟ್ಟು, ಇನ್ನೊಂದನ್ನು ಹಾಗೇ ಗಮನಿಸುತ್ತಾ ಹೋದವು. ಆರು ವರ್ಷದ ನಂತರದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಫೇಸ್‌ಮಾಸ್ಕ್ ಹಾಕಿದವರಲ್ಲಿ ಶೇ 36 ಮಂದಿಗೆ ಮುಂದೆ ದವಡೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ತಜ್ಞರ ತಂಡ ಅಂದಾಜಿಸಿತು. ಹಾಕದವರಲ್ಲಿ ಶೇ 66. ಲಾಭ ದೊಡ್ಡದು, ಆದರೆ ಮೂವರಲ್ಲಿ ಒಬ್ಬರಿಗಾದರೂ ಫೇಸ್‌ಮಾಸ್ಕ್ ಸಾಲದೆ ಹೋಗಬಹುದು. ಹರೆಯದಲ್ಲಿ ಕೆಳದವಡೆ ಮತ್ತೆ ಮುಂದೋಡಬಲ್ಲದು ಎಂಬುದನ್ನು ಮೊದಲ ದಿನವೇ ತಂದೆತಾಯಿಗೆ ಹೇಳದೆ ಚಿಕಿತ್ಸೆ ಶುರುಮಾಡುವುದು ಸರಿಯಲ್ಲ. ಗದ್ದಕ್ಕೆ ಬಟ್ಟಲು ಕಟ್ಟಿ ಕೆಳದವಡೆಯ ಬೆಳವಣಿಗೆಯನ್ನೇ ತಡೆಯುವ ಹಳೆಯ ಕ್ರಮವೂ ಇತ್ತು. ಅದರಿಂದ ಉಳಿಯುವ ಫಲ ಕಡಿಮೆ ಎಂದು ಗೊತ್ತಾಗಿ ಬಳಕೆ ತಗ್ಗಿದೆ.

ಕೆಳದವಡೆ ಹಿಂದಿದ್ದರೆ

"ಉಬ್ಬುಹಲ್ಲು" ಎಂದು ನಾವು ಕರೆಯುವವರಲ್ಲಿ ಅನೇಕರಿಗೆ ನಿಜವಾದ ಊನ ಕೆಳದವಡೆಯದು. ಅದು ಹಿಂದಿರುವುದರಿಂದ ಮೇಲಿನ ಹಲ್ಲು ಎದ್ದು ಕಾಣುತ್ತದೆ. ಇದಕ್ಕೆ ನಮ್ಮಲ್ಲಿ ಹೆಚ್ಚಾಗಿ ಕೊಡುವುದು ಟ್ವಿನ್ ಬ್ಲಾಕ್. ಮೇಲೊಂದು ಕೆಳಗೊಂದು ಅಕ್ರಿಲಿಕ್ ತಟ್ಟೆ. ಎರಡರಲ್ಲೂ ಇಳಿಜಾರಿನ ದಿಮ್ಮಿಗಳಿದ್ದು ಬಾಯಿ ಮುಚ್ಚಿದಾಗ ಕೆಳದವಡೆ ಮುಂದಕ್ಕೆ ಬಂದೇ ಕೂಡಬೇಕು. ಸ್ಕಾಟ್‌ಲೆಂಡಿನ ವಿಲಿಯಂ ಕ್ಲಾರ್ಕ್ ಇದನ್ನು 1977ರಲ್ಲಿ ರೂಪಿಸಿದರು. ಬಿದ್ದು ಮುಂಬಲ್ಲಿಗೆ ಪೆಟ್ಟು ಮಾಡಿಕೊಂಡ ಹುಡುಗನೊಬ್ಬನ ಕೆಳತುಟಿ ಮೇಲಿನ ಹಲ್ಲಿನ ಹಿಂದೆ ಸಿಕ್ಕಿ, ಮತ್ತೆ ಕೂರಿಸಿದ ಹಲ್ಲನ್ನು ತಳ್ಳುತ್ತಿತ್ತು. ಅದನ್ನು ತಪ್ಪಿಸಲು ಹೊರಟು ಹುಟ್ಟಿದ ಸಾಧನ ಇದು. ಇದಕ್ಕಿಂತ ಹಳೆಯದು ಜರ್ಮನಿಯ ಎಮಿಲ್ ಹರ್ಬ್‌ಸ್ಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೋರಿಸಿದ, ಹಲ್ಲಿಗೇ ಅಂಟಿಸಿಬಿಡುವ ಲೋಹದ ಸಾಧನ. ತೆಗೆದಿಡುವ ಸ್ವಾತಂತ್ರ್ಯ ಕೊಟ್ಟರೆ ತೆಗೆದೇ ಇಡುವ ಮಕ್ಕಳಿಗೆ ಅದು ಈಗಲೂ ಉಪಯೋಗಕ್ಕೆ ಬರುತ್ತದೆ.

ಟ್ವಿನ್ ಬ್ಲಾಕ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕ್ಲಿನಿಕ್‌ಗಳ ಗೋಡೆಯ ಮೇಲಿನ "ಮುಂಚೆ–ಆಮೇಲೆ" ಫೋಟೊಗಳು ಹೇಳುವುದು ಅರ್ಧ ಮಾತ್ರ. ಹಲ್ಲುಗಳ ಅಂತರ ಒಂಬತ್ತು ಹತ್ತು ತಿಂಗಳಲ್ಲಿ ತಗ್ಗುವುದು ನಿಜ, ಮುಖದ ಪಕ್ಕನೋಟ ಬದಲಾಗುವುದೂ ನಿಜ. ಆದರೆ ಮ್ಯಾಂಚೆಸ್ಟರಿನ ಕೆವಿನ್ ಓಬ್ರಿಯನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಅಂತರ ತಗ್ಗಿದ್ದರಲ್ಲಿ ದವಡೆಯ ಪಾಲು ಸುಮಾರು ಕಾಲು ಭಾಗ. ಉಳಿದದ್ದು ಹಲ್ಲುಗಳು ವಾಲಿದ್ದರ ಫಲ. ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳೂ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳುತ್ತವೆ: ಚಿಕ್ಕ ವಯಸ್ಸಿನಲ್ಲಿ ಒಮ್ಮೆ, ಹರೆಯದಲ್ಲಿ ಇನ್ನೊಮ್ಮೆ ಚಿಕಿತ್ಸೆ ಪಡೆದವರಿಗೂ, ಹರೆಯದಲ್ಲಿ ಒಂದೇ ಸಲ ಪಡೆದವರಿಗೂ ಕೊನೆಗೆ ದವಡೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬೇಗ ಶುರುಮಾಡಿದವರಿಗೆ ಆದ ಖಚಿತ ಲಾಭ ಒಂದೇ, ಮುಂಬಲ್ಲು ಮುರಿಯುವುದು ಕಡಿಮೆಯಾದದ್ದು.

ಹಾಗಾಗಿ ಎಂಟು ವರ್ಷದ ಮಗುವಿನ ಉಬ್ಬುಹಲ್ಲಿಗೆ ಈಗಲೇ ಟ್ವಿನ್ ಬ್ಲಾಕ್ ಬೇಕೇ ಎಂದು ಕೇಳಿದರೆ, ಸಾಮಾನ್ಯವಾಗಿ ಬೇಡ, ಹರೆಯದ ಜಿಗಿತದ ತನಕ ಕಾಯಿರಿ ಎಂಬುದೇ ನನ್ನ ಉತ್ತರ. ಎರಡು ಸಂದರ್ಭ ಬಿಟ್ಟು. ಹಲ್ಲು ಬಹಳ ಮುಂದಿದ್ದು ತುಟಿ ಮುಚ್ಚದ ಮಗು ಸೈಕಲ್ಲು, ಕಬಡ್ಡಿ ಎಂದು ಸದಾ ಬೀಳುತ್ತಿದ್ದರೆ. ಅಂತರ ಹೆಚ್ಚಿದ ಹಲ್ಲಿಗೆ ಪೆಟ್ಟು ಬೀಳುವ ಸಾಧ್ಯತೆ ಸುಮಾರು ಎರಡು ಪಟ್ಟು. ಇಲ್ಲವೇ ಶಾಲೆಯಲ್ಲಿ ಅಡ್ಡಹೆಸರಿಟ್ಟು ಗೋಳಾಡಿಸಿ ಮಗು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದರೆ. ಅದೇ ಮ್ಯಾಂಚೆಸ್ಟರ್ ಅಧ್ಯಯನದಲ್ಲಿ ಬೇಗ ಚಿಕಿತ್ಸೆ ಪಡೆದ ಮಕ್ಕಳ ಆತ್ಮವಿಶ್ವಾಸ ಹೆಚ್ಚಿದ್ದೂ ದಾಖಲಾಗಿದೆ.

ಸಾಧನದ ಜೊತೆ ಬದುಕುವುದು

ಟ್ವಿನ್ ಬ್ಲಾಕ್ ಹಾಕಿದ ಮೊದಲ ವಾರ ಬಾಯಿ ತುಂಬಾ ಜೊಲ್ಲು, ದವಡೆ ನೋವು, ಮಾತು ತೊದಲು. ಸ, ಶ, ಜ ಅಕ್ಷರಗಳು ತಿರುಚಿಕೊಳ್ಳುತ್ತವೆ. ದಿನಕ್ಕೆ ಅರ್ಧ ಗಂಟೆ ಪಾಠವನ್ನು ಗಟ್ಟಿಯಾಗಿ ಓದಿಸಿದರೆ ನಾಲಿಗೆ ಬೇಗ ಹೊಂದಿಕೊಳ್ಳುತ್ತದೆ. ಸಾಧ್ಯವಿದ್ದರೆ ಏಪ್ರಿಲ್ ರಜೆ ಶುರುವಾಗುತ್ತಿದ್ದಂತೆ ಹಾಕಿಸಿ. ಶಾಲೆ ತೆರೆಯುವ ಹೊತ್ತಿಗೆ ಮಾತು ಸರಿಯಾಗಿರುತ್ತದೆ. ಊಟದ ಹೊತ್ತಿಗೂ ತೆಗೆಯಬಾರದು ಎನ್ನುವ ವೈದ್ಯರಿದ್ದಾರೆ, ತೆಗೆಯಲು ಬಿಡುವವರೂ ಇದ್ದಾರೆ. ನಿಮ್ಮವರು ಹೇಳಿದಂತೆ ಮಾಡಿ. ತೆಗೆದಾಗ ಡಬ್ಬಿಯಲ್ಲೇ ಇಡಬೇಕು. ಟಿಶ್ಯೂನಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟದ್ದು ಕಸದ ಬುಟ್ಟಿ ಸೇರುವುದೇ ಹೆಚ್ಚು. ಬಿಸಿನೀರಲ್ಲಿ ತೊಳೆದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ತಣ್ಣೀರು, ಬ್ರಷ್ಷು ಸಾಕು. ಅಂಟಿಸಿದ ಸಾಧನವಾದರೆ ಚಕ್ಕುಲಿ, ಕಬ್ಬು, ಗಟ್ಟಿ ಕೊಬ್ಬರಿ ಮಿಠಾಯಿ ಅಷ್ಟು ತಿಂಗಳು ದೂರ.

ಹಾಕಿಕೊಳ್ಳದ ಸಾಧನ ಕೆಲಸ ಮಾಡುವುದಿಲ್ಲ ಎಂಬುದು ಹೇಳಲೇ ಬೇಕಿಲ್ಲದ ಮಾತು. ಆದರೂ ವಿಫಲವಾದ ಚಿಕಿತ್ಸೆಗಳಲ್ಲಿ ಎಷ್ಟೋ ಕೆಡುವುದು ಅಲ್ಲಿಯೇ. ಮಗುವಿಗೆ ಇದು ಬೇಕು ಅನ್ನಿಸದಿದ್ದರೆ ಆರು ತಿಂಗಳು ಕಾದರೂ ಪರವಾಗಿಲ್ಲ. ಬಲವಂತವಾಗಿ ಹಾಕಿಸಿ, ಮಗು ಶಾಲೆಯ ಬ್ಯಾಗಿನಲ್ಲಿ ಬಚ್ಚಿಟ್ಟು, ಒಂದು ವರ್ಷ ಕಳೆದ ಮೇಲೆ ಎಲ್ಲರೂ ಜಗಳವಾಡುವುದಕ್ಕಿಂತ ಅದು ಮೇಲು. ದವಡೆಯ ಹಂತ ಮುಗಿದ ಮೇಲೆ ಹಲ್ಲು ಜೋಡಿಸಲು ಬಹುಪಾಲು ಮಕ್ಕಳಿಗೆ ಕ್ಲಿಪ್ಪೂ ಬೇಕಾಗುತ್ತದೆ, ಅದಾದ ಮೇಲೆ ಸರಿಹೋದ ಹಲ್ಲನ್ನು ಅಲ್ಲೇ ಹಿಡಿದಿಡುವ ರಿಟೇನರ್ ಕೂಡ. ಮೊದಲ ದಿನವೇ ಎರಡೂ ಹಂತದ ಖರ್ಚನ್ನು ಒಟ್ಟಿಗೆ, ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಯಾರ ಬಳಿ ಹೋಗಬೇಕು? ಬಿಡಿಎಸ್ ನಂತರ ಮೂರು ವರ್ಷ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದವರ ಬಳಿ. ಪದವಿ ಯಾವ ವಿಷಯದ್ದು ಎಂದು ಕೇಳುವುದು ಅವಮಾನವಲ್ಲ. ಕರ್ನಾಟಕದವರಿಗೆ ಇಲ್ಲಿ ಒಂದು ಅನುಕೂಲವಿದೆ. ದೇಶದಲ್ಲೇ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದು ಒಂದು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಮಣಿಪಾಲ, ಧಾರವಾಡದ ಎಸ್‌ಡಿಎಂ, ದಾವಣಗೆರೆಯ ಬಾಪೂಜಿ ಹೀಗೆ ಹತ್ತಿರದ ಊರುಗಳಲ್ಲೇ ಈ ವಿಭಾಗಗಳಿವೆ. ಅಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ನೋಡುತ್ತಾರೆ, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ. ಬದಲಿಗೆ ಕಾಯಬೇಕು, ಮತ್ತು ನಡುವೆ ಓದು ಮುಗಿದು ವಿದ್ಯಾರ್ಥಿ ಬದಲಾಗಬಹುದು. ನಾಲ್ಕು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದುಹೋಗಲು ಸಾಧ್ಯವೇ ಎಂಬುದನ್ನೂ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ.

ದೊಡ್ಡವರಿಗೆ

ವಯಸ್ಕರ ದವಡೆಯನ್ನು ಬೆಳೆಸಲು ಬರುವುದಿಲ್ಲ. ಇದನ್ನು ಬಳಸು ಮಾತಿಲ್ಲದೆ ಹೇಳಬೇಕು, ಏಕೆಂದರೆ ಈಗ ಮೋಸ ಹೆಚ್ಚಾಗಿರುವುದು ಇಲ್ಲೇ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ಮುಖದ ಆಕಾರ ತಿದ್ದುತ್ತದೆ ಎಂಬ "ಮ್ಯೂಯಿಂಗ್" ವಿಡಿಯೊಗಳು ಹದಿಹರೆಯದ ಹುಡುಗರ ಫೋನ್ ತುಂಬಾ ಇವೆ. ಅದಕ್ಕೆ ನಂಬುವಂಥ ಪುರಾವೆ ಇಲ್ಲ. ಗಟ್ಟಿ ರಬ್ಬರಿನ ಉಂಡೆ ಜಗಿದರೆ ದಪ್ಪವಾಗುವುದು ಕೆನ್ನೆಯ ಸ್ನಾಯು, ಮೂಳೆಯಲ್ಲ. ಕೀಲು ನೋವು ಅದರ ಜೊತೆಗೆ ಬರಬಹುದು. ಇವು ಅಗ್ಗದ ಭ್ರಮೆಗಳು. ದುಬಾರಿಯವೂ ಇವೆ. ವಯಸ್ಕರ ಮೇಲ್ದವಡೆಯನ್ನು ಶಸ್ತ್ರಚಿಕಿತ್ಸೆಯಿಲ್ಲದೆ ಹಿಗ್ಗಿಸಿ ಮುಂದೆ ತರುತ್ತೇವೆ, ಗೊರಕೆಯನ್ನೂ ಉಸಿರಾಟದ ತೊಂದರೆಯನ್ನೂ ವಾಸಿಮಾಡುತ್ತೇವೆ ಎಂದು ಅಮೆರಿಕದಲ್ಲಿ ಮಾರಿದ ಕೆಲವು ಸಾಧನಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಮಾರ್ಚಿನಲ್ಲಿ ಸುರಕ್ಷತೆಯ ಎಚ್ಚರಿಕೆ ಹೊರಡಿಸಿತು. ತೀರದ ನೋವು, ಹಲ್ಲು ವಾಲುವುದು, ಬೇರು ಹೊರಬೀಳುವುದು, ಮೂಳೆ ಸವೆದು ಹಲ್ಲೇ ಕಳೆದುಕೊಳ್ಳುವುದು ಅದರಲ್ಲಿ ಪಟ್ಟಿಯಾಗಿದ್ದ ತೊಂದರೆಗಳು. ಮೂಳೆ ಬೆಳೆಯದೆ ಹಲ್ಲನ್ನಷ್ಟೇ ಮೂಳೆಯ ಆಚೆ ತಳ್ಳಿದರೆ ಆಗುವುದು ಹೀಗೆಯೇ.

ಹಾಗಾದರೆ ದೊಡ್ಡವರಿಗೆ ದಾರಿಯೇ ಇಲ್ಲವೇ? ಇದೆ. ದೋಷ ಸಣ್ಣದಾದರೆ ಕ್ಲಿಪ್ ಹಾಕಿ, ಅಗತ್ಯ ಬಿದ್ದರೆ ಒಂದೆರಡು ಹಲ್ಲು ತೆಗೆದು, ಮೂಳೆಯ ವ್ಯತ್ಯಾಸ ಕಾಣದಂತೆ ಹಲ್ಲುಗಳನ್ನು ಹೊಂದಿಸಬಹುದು. ಬಹಳ ಮಂದಿಗೆ ಅಷ್ಟು ಸಾಕು. ಅಂಗುಳ ಕಿರಿದಾಗಿದ್ದರೆ ಮೂಳೆಗೇ ಸಣ್ಣ ತಿರುಪು ಕೂರಿಸಿ ಅಗಲಿಸುವ ಕ್ರಮವನ್ನು ಕೊರಿಯಾದ ತಜ್ಞರು 2010ರ ಸುಮಾರಿಗೆ ರೂಢಿಗೆ ತಂದರು. ಇಪ್ಪತ್ತರ ಆಸುಪಾಸಿನಲ್ಲಿ ಇದು ಫಲಿಸುವ ಸಾಧ್ಯತೆ ಚೆನ್ನಾಗಿದೆ, ವಯಸ್ಸು ಏರಿದಂತೆ ತಗ್ಗುತ್ತದೆ. ಆಗ ನಡುಗೆರೆಯನ್ನು ಶಸ್ತ್ರಚಿಕಿತ್ಸೆಯಿಂದ ಸಡಿಲಿಸಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಕೆಳದವಡೆಯನ್ನು ರಾತ್ರಿಯ ಹೊತ್ತು ಮುಂದಕ್ಕೆ ಹಿಡಿದಿಡುವ ಸಾಧನಗಳೂ ಸಾಚಾ ಚಿಕಿತ್ಸೆಯೇ. ಆದರೆ ಬಾಯಲ್ಲಿ ಇರುವಷ್ಟು ಹೊತ್ತು ಮಾತ್ರ ಅವುಗಳ ಕೆಲಸ. ಅವು ದವಡೆ ಬೆಳೆಸುವುದಿಲ್ಲ, ವರ್ಷಗಳ ಬಳಕೆಯಲ್ಲಿ ಹಲ್ಲು ಸ್ವಲ್ಪ ಜರುಗಲೂಬಹುದು.

ದೋಷ ದೊಡ್ಡದಾದರೆ ಉಳಿಯುವುದು ದವಡೆಯ ಶಸ್ತ್ರಚಿಕಿತ್ಸೆ. ಜ್ಯೂರಿಕ್ಕಿನ ಹ್ಯೂಗೊ ಓಬ್ವೆಗೆಸರ್ 1950ರ ದಶಕದಲ್ಲಿ ಕೆಳದವಡೆಯನ್ನು ಬಾಯೊಳಗಿನಿಂದಲೇ, ಮುಖದ ಮೇಲೆ ಗಾಯದ ಗುರುತು ಬಾರದಂತೆ ಸೀಳಿ ಜರುಗಿಸುವ ವಿಧಾನವನ್ನು ರೂಪಿಸಿದ ಮೇಲೆ ಇದು ಎಲ್ಲೆಡೆ ಹಬ್ಬಿತು. ಬೆಳವಣಿಗೆ ಪೂರ್ತಿ ನಿಂತ ಮೇಲೆಯೇ ಮಾಡಬೇಕು, ಮುಖ್ಯವಾಗಿ ಕೆಳದವಡೆ ಮುಂದಿರುವ ಹುಡುಗರಲ್ಲಿ. ಅವಸರ ಮಾಡಿದರೆ ದವಡೆ ಮತ್ತೆ ಬೆಳೆದು ಕೆಲಸ ಕೆಡುತ್ತದೆ. ಸಾಮಾನ್ಯವಾಗಿ ಮೊದಲು ಒಂದು ವರ್ಷ ಅಥವಾ ಹೆಚ್ಚು ಕಾಲ ಕ್ಲಿಪ್, ಆಮೇಲೆ ಪೂರ್ಣ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆ, ನಂತರ ವಾರಗಟ್ಟಲೆ ಗಂಜಿ, ರಾಗಿ ಅಂಬಲಿ, ಮೆತ್ತನೆ ಅನ್ನ, ಮತ್ತೆ ಕೆಲವು ತಿಂಗಳು ಕ್ಲಿಪ್. ಕೆಳತುಟಿ ಮತ್ತು ಗದ್ದ ಜೋಮು ಹಿಡಿದಂತಾಗುವುದು ಸಾಮಾನ್ಯ. ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿದುಬಿಡುತ್ತದೆ. ಇದನ್ನು ಮೊದಲೇ ಹೇಳದ ಶಸ್ತ್ರವೈದ್ಯರ ಕೈಗೆ ಮುಖ ಕೊಡಬೇಡಿ. ವಿಮೆ ಇದ್ದರೆ, ಸೌಂದರ್ಯ ಚಿಕಿತ್ಸೆಯೆಂದು ಅರ್ಜಿ ತಿರಸ್ಕರಿಸುತ್ತಾರೆಯೇ ಎಂದು ವಿಮಾ ಕಂಪನಿಯಿಂದ ಮುಂಚಿತವಾಗಿ ಬರೆಸಿಕೊಳ್ಳಿ.

ಮಗುವಿಗಾಗಲಿ ನಿಮಗಾಗಲಿ, ಹಣ ಕಟ್ಟುವ ಮುನ್ನ ವೈದ್ಯರನ್ನು ಮೂರು ಮಾತು ಕೇಳಿ: ತೊಂದರೆ ಹಲ್ಲಿನದೋ ದವಡೆಯದೋ, ಬೆಳವಣಿಗೆ ಇನ್ನೂ ಎಷ್ಟು ಬಾಕಿ ಇದೆ ಎಂದು ಯಾವುದರಿಂದ ತಿಳಿದಿರಿ, ಈಗ ಏನೂ ಮಾಡದಿದ್ದರೆ ಏನಾಗುತ್ತದೆ. ಎಕ್ಸರೇ, ಫೋಟೊಗಳ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಉತ್ತರ ಸಮಾಧಾನ ತರದಿದ್ದರೆ ಅದೇ ಪ್ರತಿಗಳನ್ನು ಹಿಡಿದು ಇನ್ನೊಬ್ಬ ಆರ್ಥೊಡಾಂಟಿಸ್ಟರ ಬಳಿ ಹೋಗಿ. ಒಂದು ವಾರ ತಡವಾದರೆ ಯಾವ ದವಡೆಗೂ ನಷ್ಟವಿಲ್ಲ.